ಪರಮಾಣು ರಾಶಿ ಕಲಿತ ವರ್ಷ

ಪಿಯುಸಿ ಎರಡನೇ ವರ್ಷದಲ್ಲಿ ನಾನು ಫೇಲಾದದ್ದು ಒಂದೇ ವಿಷಯದಲ್ಲಿ. ಕನ್ನಡ, ಇಂಗ್ಲಿಷ್, ಗಣಿತ, ಭೌತಶಾಸ್ತ್ರ, ಜೀವಶಾಸ್ತ್ರ ಎಲ್ಲವೂ ದಾಟಿದ್ದವು. ರಸಾಯನಶಾಸ್ತ್ರದ ಎದುರಿಗೆ ಮಾತ್ರ ಪಾಸಾಗಲು ಬೇಕಾದುದರ ಅರ್ಧದಷ್ಟೂ ಅಂಕ ಇರಲಿಲ್ಲ. ಆ ಅಂಕಪಟ್ಟಿಯನ್ನು ಮದುವೆಯಲ್ಲಿ ತಂದ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಹಾಸಿದ ಹಳೆಯ ಪೇಪರಿನ ಅಡಿಗೆ ಇಟ್ಟಿದ್ದೆ. ಹದಿನಾಲ್ಕು ವರ್ಷ ಅದನ್ನು ತೆಗೆದು ನೋಡಲಿಲ್ಲ.

ನನ್ನ ತವರು ಸುರಪುರದಿಂದ ಬಸ್ಸಿನಲ್ಲಿ ಅರ್ಧ ತಾಸಿನ ಹಳ್ಳಿ. ಅಪ್ಪ ಎರೆಹೊಲದಲ್ಲಿ ತೊಗರಿ, ಹತ್ತಿ ಬೆಳೆಯುತ್ತಿದ್ದರು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದೆ. ಒಳ್ಳೆಯ ಅಂಕ ಬಂದವೆಂದು ಅಪ್ಪ ಶಹಾಪುರದಲ್ಲಿ ಹಾಸ್ಟೆಲಿಗೆ ಸೇರಿಸಿ, ಪಿಯುಸಿ ವಿಜ್ಞಾನಕ್ಕೆ ಹಾಕಿದರು. ಅಲ್ಲಿ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಒಂಬತ್ತನೇ ತರಗತಿಯಲ್ಲಿ ಪರಮಾಣುಗಳ ಪಾಠ ನಡೆದಾಗ ನನಗೆ ಟೈಫಾಯಿಡ್ ಆಗಿ ಒಂದು ತಿಂಗಳು ಶಾಲೆ ತಪ್ಪಿತ್ತು. ಆಮೇಲೆ ಗೆಳತಿಯ ನೋಟ್ಸ್ ನೋಡಿ ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೆ. ಬಾಯಿಪಾಠಕ್ಕೆ ಅಂಕ ಬಂದಿದ್ದರಿಂದ ಪಾಠ ಬಂದಿಲ್ಲವೆಂಬುದು ನನಗೇ ಗೊತ್ತಾಗಿರಲಿಲ್ಲ.

ಕಾಲೇಜಿನ ಮೊದಲ ತಿಂಗಳಲ್ಲೇ ಅದು ಗೊತ್ತಾಯಿತು. ರಸಾಯನಶಾಸ್ತ್ರದ ಉಪನ್ಯಾಸಕರು ಕನ್ನಡ ಮಾಧ್ಯಮದಿಂದ ಬಂದವರಿಗೆ ಧೈರ್ಯ ತುಂಬಲೆಂದು ಕನ್ನಡದಲ್ಲೇ ಒಂದು ಪ್ರಶ್ನೆ ಕೇಳಿದರು. ಪರಮಾಣು ರಾಶಿ ಎಂದರೇನು? ಯಾರೂ ಏಳಲಿಲ್ಲ. ನಾನು ಎದ್ದೆ.

‘ಬಾಳ ಪರಮಾಣು ಒಂದ ಕಡಿ ಗುಡ್ಡಿ ಹಾಕಿದ್ರ ರಾಶಿ ಆಗ್ತದ್ರಿ ಸರ್.’

ಇಡೀ ತರಗತಿ ನಕ್ಕಿತು. ನಮ್ಮ ಕಡೆ ರಾಶಿ ಎಂದರೆ ಅದೇ. ತೊಗರಿ ಕೊಯ್ದು, ಒಣಗಿಸಿ, ಬಡಿದು, ತೂರಿ, ಕಾಳನ್ನು ಕಣದ ನಡುವೆ ಗುಡ್ಡೆ ಹಾಕುವವರೆಗಿನ ಕೆಲಸಕ್ಕೆಲ್ಲ ರಾಶಿ ಮಾಡುವುದು ಎನ್ನುತ್ತೇವೆ. ನಾನು ತಮಾಷೆಗೆ ಹೇಳಿರಲಿಲ್ಲ. ಉಪನ್ಯಾಸಕರು ನಗಲಿಲ್ಲ, ಬೈಯಲೂ ಇಲ್ಲ. ಕೂಡ್ರಲು ಹೇಳಿ, ಪುಸ್ತಕದ ವ್ಯಾಖ್ಯೆಯನ್ನು ಇಂಗ್ಲಿಷಿನಲ್ಲಿ ಓದಿ ಬರೆಸಿದರು. ನಾನು ಬರೆದುಕೊಂಡೆ. ಆಮೇಲೆ ಎರಡು ವರ್ಷ ಆ ತರಗತಿಯಲ್ಲಿ ಒಮ್ಮೆಯೂ ಎದ್ದು ನಿಲ್ಲಲಿಲ್ಲ.

ಮೊದಲ ವರ್ಷ ಹೇಗೋ ದಾಟಿತು. ಎರಡನೇ ವರ್ಷ ನಿಂತಿತು. ಮತ್ತೊಮ್ಮೆ ಬರೆಯಬೇಕೆನ್ನುವಷ್ಟರಲ್ಲಿ ಯಾದಗಿರಿಯಿಂದ ಸಂಬಂಧ ಬಂತು. ಹುಡುಗ ಪಂಪ್‌ಸೆಟ್ಟಿನ ಮೋಟರ್ ರಿಪೇರಿ ಮಾಡುವವನು, ಸ್ವಂತ ಅಂಗಡಿ, ಮನೆಯಲ್ಲಿ ತಾಯಿ ಒಬ್ಬಳೇ. ಮದುವೆಯಾಯಿತು. ಮರುವರ್ಷ ಮಗಳು ಹುಟ್ಟಿದಳು. ಪರೀಕ್ಷೆಯ ಮಾತು ಯಾರೂ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಮಗಳು ದೊಡ್ಡ ಶಾಲೆಗೆ ಹೋಗತೊಡಗಿದ ಮೇಲೆ ನಾನು ಕಡೇಚೂರಿನ ಕಡೆ ಒಂದು ಔಷಧ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಯಾದಗಿರಿಯಿಂದ ಕಂಪನಿ ಬಸ್ಸು ಹೊರಡುತ್ತಿತ್ತು. ಮೂರು ವರ್ಷ ಪ್ಯಾಕಿಂಗ್ ವಿಭಾಗದಲ್ಲಿದ್ದೆ. ಬಿಳಿ ಪುಡಿಯನ್ನು ಎರಡೆರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಡ್ರಮ್ಮಿಗೆ ಇಳಿಸಿ, ಮುಚ್ಚಳಕ್ಕೆ ನಂಬರಿನ ಸೀಲು ಹಾಕುವುದು ಕೆಲಸ. ಆ ಪುಡಿ ಯಾವ ಜಡ್ಡಿಗೆ ಔಷಧವೆಂದು ನಮಗಾರಿಗೂ ಗೊತ್ತಿರಲಿಲ್ಲ.

ಆಮೇಲೆ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ ಹೆಂಗಸು ಕೆಲಸ ಬಿಟ್ಟಳು. ಆ ಜಾಗಕ್ಕೆ ನನ್ನನ್ನು ಕಳಿಸಿದರು. ಮೊದಲ ದಿನವೇ ನನಗೆ ತೊಳೆಯಲು ಕೊಟ್ಟಿದ್ದ ಒಂದು ಉದ್ದನೆಯ ಗಾಜಿನ ಕೊಳವೆ ಹಿಡಿದುಕೊಂಡು ಲ್ಯಾಬ್ ಇನ್‌ಚಾರ್ಜ್ ಹತ್ತಿರ ಹೋಗಿ, ಬ್ಯುರೆಟ್ಟಿನ ತುದಿ ಒಡೆದಿದೆ, ಇದರಲ್ಲಿ ಅಳತೆ ಸರಿ ಬರಲಾರದು ಎಂದೆ. ಆಕೆ ಗುರುಮಠಕಲ್ ಕಡೆಯವಳು, ಎಂ.ಎಸ್‌ಸಿ ಮಾಡಿದವಳು, ನನಗಿಂತ ಐದಾರು ವರ್ಷ ಸಣ್ಣವಳು. ಕನ್ನಡ ಮಾತಾಡುವಾಗ ತೆಲುಗಿನ ರಾಗ ಬರುತ್ತಿತ್ತು. ಕೊಳವೆ ನೋಡುವ ಬದಲು ನನ್ನ ಮುಖ ನೋಡಿದಳು.

‘ಬ್ಯುರೆಟ್ ಅಂತ ನಿಮಗ ಹೆಂಗ ಗೊತ್ತು ಅಕ್ಕಾ?’

ಹೇಳಿದೆ. ಹೇಳುವಾಗ ಸಣ್ಣ ದನಿಯಲ್ಲೇ ಹೇಳಿದೆ. ಆಕೆ ಎಲ್ಲ ಕೇಳಿಕೊಂಡು, ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು.

‘ಒಂದ ಸಬ್ಜೆಕ್ಟ್ ಉಳದದ ಅಂತ ಹದಿನಾಲ್ಕು ವರ್ಷ ಸುಮ್ಮ ಕುಂತೀರೇನು?’

ಆಕೆಯ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದಳು. ಒಂದು ವಾರದ ಮೇಲೆ ಆಕೆಯೇ ಕರೆದು ವಿಷಯ ತಿಳಿಸಿದಳು. ಬರುವ ವರ್ಷ ಲ್ಯಾಬಿಗೆ ಒಬ್ಬ ಸಹಾಯಕರನ್ನು ತೆಗೆದುಕೊಳ್ಳುವರಂತೆ. ದ್ರಾವಣ ತಯಾರಿಸುವುದು, ತೂಗುವುದು, ರಜಿಸ್ಟರ್ ಬರೆಯುವುದು ಆ ಕೆಲಸ. ಪಿಯುಸಿ ವಿಜ್ಞಾನ ಪಾಸಾಗಿರಲೇಬೇಕು. ತಾನು ಹೆಸರು ಹೇಳಬಲ್ಲೆ, ಆದರೆ ಆ ನಿಯಮ ಬದಲಿಸುವುದು ತನ್ನ ಕೈಯಲ್ಲಿಲ್ಲ ಎಂದಳು. ಆ ಸಂಜೆ ಬಸ್ಸಿನಲ್ಲಿ ಯಾದಗಿರಿ ಮುಟ್ಟುವಷ್ಟರಲ್ಲಿ ನಾನು ಪರೀಕ್ಷೆ ಬರೆಯುವುದೆಂದು ನಿರ್ಧಾರ ಮಾಡಿದ್ದೆ.

ಮನೆಯಲ್ಲಿ ಗಂಡ, ಬರೆಯುವುದಾದರೆ ಬರೆ ಎಂದ. ಅತ್ತೆ ಮಾತ್ರ ಒಪ್ಪಲಿಲ್ಲ.

‘ಮಗಳು ಓದೋ ವ್ಯಾಳ್ಯಾದಾಗ ಅವ್ವ ಪುಸ್ತಕ ಹಿಡ್ದು ಕುಂತ್ರ ರೊಟ್ಟಿ ಯಾರು ಬಡೀಬೇಕು?’

‘ನಾನ ಬಡೀತೀನಿ ಅತ್ತಿ. ಒಂದ ದಿನಾನೂ ತಪ್ಪಸಂಗಿಲ್ಲ.’

ತಪ್ಪಿಸಲೂ ಇಲ್ಲ. ಐದಕ್ಕೆ ಎದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಹೋಗುತ್ತಿದ್ದೆ. ರಜೆಯ ದಿನ ನೋಡಿ ಶಹಾಪುರದ ಕಾಲೇಜಿಗೆ ಹೋದೆ. ಕಟ್ಟಡಕ್ಕೆ ಹೊಸ ಬಣ್ಣ ಬಂದಿತ್ತು. ಗುಮಾಸ್ತರು ನನ್ನ ಹಳೆಯ ಅಂಕಪಟ್ಟಿಯನ್ನು ಮಡಿಕೆ ಬಿಚ್ಚಿ ನೋಡಿ, ಇಷ್ಟು ವರ್ಷದ ಮೇಲೆ ಯಾಕೆಂದು ಕೇಳಿದರು. ಕೆಲಸಕ್ಕೆ ಬೇಕೆಂದೆ. ಅವರು ಪಠ್ಯ ಬದಲಾಗಿದೆ, ಹೊಸ ಪುಸ್ತಕ ಓದಬೇಕಾಗುತ್ತದೆ ಎಂದು ಎಚ್ಚರಿಸಿ ಅರ್ಜಿ ಕೊಟ್ಟರು. ಈಗ ವರ್ಷಕ್ಕೆ ಒಂದೇ ಪರೀಕ್ಷೆಯಲ್ಲ, ಮೊದಲನೆಯದು ಹೋದರೆ ಎರಡನೆಯದು ಇದೆ ಎಂದೂ ತಿಳಿಸಿದರು. ಎರಡನೆಯದರ ಮಾತು ಬೇಡವೆಂದು ಮನಸ್ಸಿನಲ್ಲೇ ಅಂದುಕೊಂಡೆ.

ಓದಿದ್ದೆಲ್ಲ ಬಸ್ಸಿನಲ್ಲಿ. ಹೋಗುತ್ತ ಒಂದು ತಾಸು, ಬರುತ್ತ ಒಂದು ತಾಸು. ಕಿಟಕಿಯ ಪಕ್ಕದ ಸೀಟು ಸಿಕ್ಕರೆ ಬರೆಯಲೂ ಆಗುತ್ತಿತ್ತು. ಹಳೆಯ ರೂಢಿಯಂತೆ ನಾನು ಬಾಯಿಪಾಠವೇ ಮಾಡಿದೆ. ವ್ಯಾಖ್ಯೆಗಳು, ಸಮೀಕರಣಗಳು, ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರಗಳು. ಲೆಕ್ಕಗಳನ್ನೂ ಬಾಯಿಪಾಠ ಮಾಡಿದೆ. ಪರೀಕ್ಷೆ ಬರೆದು ಬಂದ ದಿನ ಪಾಸಾಗುತ್ತೇನೆಂದೇ ಅನಿಸಿತ್ತು. ಫಲಿತಾಂಶ ಬಂದಾಗ ನಾಲ್ಕು ಅಂಕ ಕಡಿಮೆ ಇತ್ತು.

ಉತ್ತರ ಪತ್ರಿಕೆಯ ನಕಲು ತರಿಸಿಕೊಂಡೆ. ಮೊಬೈಲಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದೆ. ದ್ರಾವಣದ ಒಂದು ಲೆಕ್ಕ, ಐದು ಅಂಕದ್ದು. ಸೂತ್ರ ಸರಿ ಇತ್ತು, ಕ್ರಮ ಸರಿ ಇತ್ತು. ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಅದರ ಅಣುರಾಶಿ ನಲವತ್ತು ಎಂದು ಬರೆಯಬೇಕಾದ ಕಡೆ ನಾನು ಇಪ್ಪತ್ತು ಎಂದು ಬರೆದಿದ್ದೆ. ಸೋಡಿಯಂಗೆ ಹನ್ನೊಂದು, ಆಮ್ಲಜನಕಕ್ಕೆ ಎಂಟು, ಜಲಜನಕಕ್ಕೆ ಒಂದು. ಕೋಷ್ಟಕದಲ್ಲಿ ಪ್ರತಿ ಮೂಲವಸ್ತುವಿನ ಮನೆಯಲ್ಲಿ ಎರಡೆರಡು ಅಂಕಿ ಇರುತ್ತವೆ. ನಾನು ಮೇಲಿನದನ್ನು ಎತ್ತಿಕೊಂಡಿದ್ದೆ. ಯಾವುದು ಯಾವುದಕ್ಕೆಂದು ನನಗೆ ಗೊತ್ತೇ ಇರಲಿಲ್ಲ. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ನಾನು ಲ್ಯಾಬಿನಲ್ಲಿ ದಿನಾ ತೊಳೆಯುವ ಫ್ಲಾಸ್ಕುಗಳಲ್ಲಿ ಇರುತ್ತಿದ್ದುದು ಇದೇ ಕಾಸ್ಟಿಕ್ ಸೋಡಾ.

ಅವತ್ತು ಒಂದು ಹೊಸ ನೋಟ್‌ಬುಕ್ ತೆಗೆದುಕೊಂಡೆ. ಇನ್ನೊಬ್ಬರಿಗೆ ನನ್ನ ಮಾತಿನಲ್ಲಿ ಹೇಳಲು ಬಾರದ ಯಾವುದನ್ನೂ ಇದರಲ್ಲಿ ಬರೆಯಬಾರದು ಎಂದು ಕಟ್ಟು ಹಾಕಿಕೊಂಡೆ. ಪಿಯುಸಿ ಪುಸ್ತಕ ಮುಚ್ಚಿಟ್ಟು, ಒಂಬತ್ತರಲ್ಲಿದ್ದ ಮಗಳ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕ ಕೇಳಿದೆ. ಅವಳು ಶಾಲೆಯಿಂದ ಬಂದ ಮೇಲೆ ಕೊಡುತ್ತಿದ್ದಳು, ಬೆಳಿಗ್ಗೆ ಹಿಂದಿರುಗಿಸಬೇಕಿತ್ತು. ಹಾಗಾಗಿ ಪಾಠದ ಪುಟಗಳನ್ನು ಝೆರಾಕ್ಸ್ ಮಾಡಿಸಿ ಬಸ್ಸಿಗೆ ಒಯ್ದೆ.

ಮೊದಲು ಹಿಂದಿನ ಪಾಠಗಳಿಂದ ಬಂದೆ. ಅಲ್ಲಿ ದ್ರವ್ಯರಾಶಿ ಎಂಬ ಪದ ಸಿಕ್ಕಿತು. ಒಂದು ವಸ್ತುವಿನಲ್ಲಿ ಎಷ್ಟು ದ್ರವ್ಯ ತುಂಬಿದೆ ಎಂಬುದರ ಅಳತೆ. ಪರಮಾಣು ರಾಶಿಯಲ್ಲಿರುವ ರಾಶಿ ಇದೇ, ಪದವನ್ನು ಮೊಟಕು ಮಾಡಿದ್ದಾರೆ ಅಷ್ಟೆ. ಅದು ಹಲವು ಪರಮಾಣುಗಳ ಗುಡ್ಡೆಯಲ್ಲ. ಒಂದೇ ಒಂದು ಪರಮಾಣುವಿನೊಳಗಿನ ಹುರುಳು. ಇಷ್ಟು ಸಣ್ಣ ಮಾತನ್ನು ಯಾರಾದರೂ ಆ ದಿನ ಹೇಳಿದ್ದರೆ ಎಂದು ಒಂದು ಗಳಿಗೆ ಅನಿಸಿತು. ನಾನೂ ಕೇಳಬಹುದಿತ್ತಲ್ಲ ಎಂದೂ ಅನಿಸಿತು. ಕೇಳಿರಲಿಲ್ಲ.

ಆಮೇಲೆ ಒಂದೊಂದೇ ಬಿಡಿಸಿಕೊಂಡೆ. ಪರಮಾಣುವಿನ ನಡುವೆ ಪ್ರೋಟಾನ್ ಎಷ್ಟಿವೆ ಎಂಬ ಎಣಿಕೆ ಪರಮಾಣು ಸಂಖ್ಯೆ. ಹನ್ನೊಂದು ಪ್ರೋಟಾನ್ ಇದ್ದರೆ ಅದು ಸೋಡಿಯಂ, ಒಂದು ಹೆಚ್ಚಾದರೆ ಬೇರೆಯೇ ಮೂಲವಸ್ತು. ಅಂದರೆ ಅದು ತೂಕವಲ್ಲ, ಗುರುತು. ಪ್ರೋಟಾನ್ ಜೊತೆ ನ್ಯೂಟ್ರಾನ್‌ಗಳನ್ನೂ ಕೂಡಿಸಿ ಎಣಿಸಿದರೆ ರಾಶಿ ಸಂಖ್ಯೆ. ಸೋಡಿಯಂನಲ್ಲಿ ಹನ್ನೊಂದು ಪ್ರೋಟಾನ್, ಹನ್ನೆರಡು ನ್ಯೂಟ್ರಾನ್, ಇಪ್ಪತ್ಮೂರು. ಇದೂ ಎಣಿಕೆಯೇ. ಮೂರನೆಯದು ಪರಮಾಣು ರಾಶಿ. ಅದು ಎಣಿಕೆಯಲ್ಲ, ಹೋಲಿಕೆಯ ತೂಕ. ಕಾರ್ಬನ್ನಿನ ಒಂದು ಪರಮಾಣುವನ್ನು ಹನ್ನೆರಡು ಪಾಲು ಮಾಡಿ, ಆ ಒಂದು ಪಾಲಿಗೆ ಇದು ಎಷ್ಟು ಪಟ್ಟು ಎಂದು ಹೇಳುವುದು.

ಈ ಕೊನೆಯದು ತಲೆಗೆ ಹತ್ತಲು ತಡವಾಯಿತು. ಗ್ರಾಂ ಇರುವಾಗ ಕಾರ್ಬನ್ ಯಾಕೆ ಬೇಕು? ಒಂದು ರವಿವಾರ ಜೋಳ ಹಸನು ಮಾಡುತ್ತ ಅತ್ತೆಯ ಎದುರು ಇದನ್ನೇ ಗೊಣಗಿದೆ. ಅವಳಿಗೆ ಕಾರ್ಬನ್ ಗೊತ್ತಿಲ್ಲ. ಆದರೆ ತೂಕದ ಮಾತು ಬಂದಾಗ ಸುಮ್ಮನಿರುವವಳಲ್ಲ. ತನ್ನ ಮೂಗುತಿ ತೋರಿಸಿ, ಅದರ ಬಂಗಾರ ಎರಡು ಗುಲಗಂಜಿ ತೂಕದ್ದು ಎಂದಳು. ಗುಲಗಂಜಿ ಎಷ್ಟು ತೂಗುತ್ತದೆ ಎಂದು ಕೇಳಿದೆ.

‘ಗುಲಗಂಜಿ ಗುಲಗಂಜಿಯಷ್ಟ ತೂಗ್ತದ. ಅದನ್ಯಾರು ತೂಗ್ತಾರ? ಅದರ ಮ್ಯಾಲ ಉಳಿದಿದ್ದು ತೂಗೂದು.’

ನಾನು ಮೊರ ಕೆಳಗಿಟ್ಟು ಹೋಗಿ ನೋಟ್‌ಬುಕ್ಕಿನಲ್ಲಿ ಬರೆದೆ. ಪರಮಾಣುವಿನಷ್ಟು ಹಗುರಾದುದಕ್ಕೆ ಗ್ರಾಂ ಹಿಡಿದರೆ ಸೊನ್ನೆಗಳಿಗೆ ಲೆಕ್ಕವಿಲ್ಲ. ಅದಕ್ಕೆ ಅದರಷ್ಟೇ ಸಣ್ಣದೊಂದು ಗುಲಗಂಜಿ ಬೇಕು. ಅತ್ತೆ ಹಿಂದಿನಿಂದ, ಜೋಳ ಬಿಟ್ಟು ಎದ್ದು ಹೋದಳೆಂದು ಬೈಯುತ್ತಲೇ ಇದ್ದಳು.

ಅಷ್ಟರ ಮೇಲೆ ಕ್ಲೋರಿನ್ ಎದುರಾಯಿತು. ಪುಸ್ತಕದಲ್ಲಿ ಅದರ ಪರಮಾಣು ರಾಶಿ ಮೂವತ್ತೈದೂವರೆ. ಪ್ರೋಟಾನ್ ಅರ್ಧ ಆಗುವುದಿಲ್ಲ, ನ್ಯೂಟ್ರಾನ್ ಅರ್ಧ ಆಗುವುದಿಲ್ಲ. ಹಾಗಾದರೆ ಈ ಅರ್ಧ ಎಲ್ಲಿಯದು? ಪುಸ್ತಕದಲ್ಲಿ ಸಮಸ್ಥಾನಿಗಳು, ಸರಾಸರಿ ಎಂದೆಲ್ಲ ಬರೆದಿತ್ತು. ನಾಲ್ಕು ಸಲ ಓದಿದೆ. ಓದಿದ್ದನ್ನು ನನ್ನ ಮಾತಿನಲ್ಲಿ ಹೇಳಲು ಹೋದರೆ ಬಾಯಿ ಕಟ್ಟುತ್ತಿತ್ತು. ನಾನು ಹಾಕಿಕೊಂಡ ಕಟ್ಟಿನ ಪ್ರಕಾರ ನೋಟ್‌ಬುಕ್ಕಿನ ಆ ಪುಟ ಖಾಲಿ ಉಳಿಯಿತು. ಮೂರು ದಿನ ಖಾಲಿ ಇತ್ತು. ನಾಲ್ಕನೇ ದಿನ ಊಟದ ಹೊತ್ತಿಗೆ ಇನ್‌ಚಾರ್ಜ್ ಹತ್ತಿರ ಹೋಗಿ ಕೇಳಿಯೇ ಬಿಟ್ಟೆ.

ಆಕೆ, ಮನೆಯಲ್ಲಿ ತೊಗರಿ ಇದೆಯೇ ಎಂದು ಕೇಳಿದಳು. ಇದೆ ಎಂದೆ. ಕೆಂಪು ತೊಗರಿಯೋ ಬಿಳಿಯದೋ? ಎರಡೂ ತವರಿನಿಂದ ಬಂದಿದ್ದವು. ಎರಡನ್ನೂ ಒಂದೊಂದು ಹಿಡಿ ತರಲು ಹೇಳಿದಳು.

ಮರುದಿನ ತಂದೆ. ಲ್ಯಾಬಿನ ಮೂಲೆಯಲ್ಲಿ ಹೊಸಬರಿಗೆ ಕಲಿಸಲು ಇಟ್ಟ ಹಳೆಯದೊಂದು ತೂಕದ ಯಂತ್ರವಿತ್ತು. ಗಾಜಿನ ಗೂಡಿನೊಳಗೆ ಸಣ್ಣ ತಟ್ಟೆ. ಹತ್ತಿರ ಉಸಿರಾಡಿದರೂ ಅಂಕಿ ಅಲುಗುತ್ತಿತ್ತು. ಕೆಂಪು ಕಾಳು ಎಪ್ಪತ್ತೈದು, ಬಿಳಿ ಕಾಳು ಇಪ್ಪತ್ತೈದು ಎಣಿಸಿ ಹಾಕಲು ಹೇಳಿದಳು. ನಮ್ಮ ಮನೆಯ ಬಿಳಿ ತೊಗರಿ ಆ ವರ್ಷ ಚೆನ್ನಾಗಿ ತುಂಬಿತ್ತು, ಕೆಂಪಿಗಿಂತ ದಪ್ಪ. ನೂರು ಕಾಳು ಸೇರಿ ಹತ್ತು ಗ್ರಾಂಗೆ ಸ್ವಲ್ಪ ಹೆಚ್ಚು ಬಂತು. ಅದನ್ನು ನೂರರಿಂದ ಭಾಗಿಸಿ ಚೀಟಿಯಲ್ಲಿ ಬರೆದೆ.

‘ಈಗ ಇಷ್ಟ ತೂಗೋ ಒಂದು ಕಾಳು ಹುಡಿಕಿ ಕೊಡ್ರಿ.’

ಒಂದೊಂದಾಗಿ ತೂಗತೊಡಗಿದೆ. ಕೆಂಪು ಕಾಳೆಲ್ಲ ಚೀಟಿಯ ಅಂಕಿಗಿಂತ ಕಡಿಮೆ. ಬಿಳಿಯದೆಲ್ಲ ಹೆಚ್ಚು. ಒಂದೆರಡು ಹತ್ತಿರ ಬಂದವು, ಕೂಡಲಿಲ್ಲ. ಊಟದ ಹೊತ್ತು ಮುಗಿಯುತ್ತ ಬಂತು, ನನ್ನ ಡಬ್ಬಿ ಬಿಚ್ಚಿರಲಿಲ್ಲ.

‘ಸಿಗವಲ್ದು ಮೇಡಂ.’

‘ಸಿಗಂಗಿಲ್ಲ. ಮೂವತ್ತೈದೂವರಿ ತೂಕದ ಕ್ಲೋರಿನ್ ಪರಮಾಣು ಸೈತ ಹಂಗ, ಎಲ್ಲೂ ಇಲ್ಲ. ಕೆಲವು ಮೂವತ್ತೈದು, ಕೆಲವು ಮೂವತ್ತೇಳು. ನಾಕರಾಗ ಮೂರು ಹಗುರನವು, ಒಂದು ಭಾರದ್ದು. ಲೆಕ್ಕ ಹಾಕ್ರಿ.’

ಮೂವತ್ತೈದನ್ನು ಮೂರು ಸಲ ಕೂಡಿಸಿದೆ, ನೂರಾ ಐದು. ಅದಕ್ಕೆ ಮೂವತ್ತೇಳು ಸೇರಿಸಿದೆ, ನೂರಾ ನಲವತ್ತೆರಡು. ನಾಲ್ಕರಿಂದ ಭಾಗಿಸಿದೆ. ಮೂವತ್ತೈದೂವರೆ ಬಂತು. ಅರ್ಧ ಯಾವ ಪರಮಾಣುವಿನೊಳಗೂ ಇರಲಿಲ್ಲ. ಎಲ್ಲವನ್ನೂ ಕೂಡಿಸಿ ಹಂಚಿದಾಗ ಹುಟ್ಟಿತ್ತು. ಪ್ರೋಟಾನ್ ಅಷ್ಟೇ ಇದ್ದು ನ್ಯೂಟ್ರಾನ್ ಮಾತ್ರ ಹೆಚ್ಚುಕಡಿಮೆಯಾದರೆ ಮೂಲವಸ್ತು ಬದಲಾಗುವುದಿಲ್ಲ, ತೂಕ ಬದಲಾಗುತ್ತದೆ. ಅವೇ ಸಮಸ್ಥಾನಿಗಳು. ಕೆಂಪಾದರೂ ಬಿಳಿಯಾದರೂ ತೊಗರಿ ತೊಗರಿಯೇ. ಆಕೆ ಒಂದು ಎಚ್ಚರಿಕೆಯನ್ನೂ ಕೊಟ್ಟಳು. ಕಾಳಿನಲ್ಲಿ ಒಂದೇ ಜಾತಿಯವೂ ಒಂದರಂತೆ ಒಂದು ಇರುವುದಿಲ್ಲ, ಪರಮಾಣುವಿನಲ್ಲಿ ಒಂದು ಜಾತಿಯವೆಲ್ಲ ಒಂದೇ ತೂಕ, ಆ ವ್ಯತ್ಯಾಸ ಮರೆಯಬಾರದು ಎಂದಳು.

ಸಂಜೆ ಬಸ್ಸಿನಲ್ಲಿ ಖಾಲಿ ಪುಟ ತುಂಬಿದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟ ಬಂದವು. ಆದರೆ ಒಂದು ಪದಕ್ಕೂ ಪುಸ್ತಕ ತೆರೆಯಲಿಲ್ಲ.

ಮೋಲ್ ಎಂಬುದು ನನಗೆ ಸುಲಭವಾಗಿ ಬಂತು. ಎಲ್ಲರೂ ಅದಕ್ಕೇ ಹೆದರುತ್ತಾರೆ, ನಾನೂ ಮೊದಲು ಹೆದರಿದ್ದೆ. ಆದರೆ ಪ್ಯಾಕಿಂಗ್‌ನಲ್ಲಿದ್ದಾಗ ಸ್ಟೋರಿನವರು ನಮಗೆ ಸಾವಿರ ಸೀಲು ಕೊಡಬೇಕಾದರೆ ಒಂದೊಂದೇ ಎಣಿಸುತ್ತಿರಲಿಲ್ಲ. ಸಾವಿರ ಸೀಲಿನ ತೂಕ ಎಷ್ಟೆಂದು ಗೋಡೆಯ ಮೇಲೆ ಬರೆದಿತ್ತು, ಅಷ್ಟು ತೂಗಿ ಕೊಡುತ್ತಿದ್ದರು. ದೊಡ್ಡ ಸೀಲಿಗೆ ಒಂದು ತೂಕ, ಸಣ್ಣದಕ್ಕೆ ಇನ್ನೊಂದು, ಎಣಿಕೆ ಮಾತ್ರ ಅದೇ ಸಾವಿರ. ಮೋಲ್ ಕೂಡ ಹಾಗೆಯೇ ಒಂದು ಗೊತ್ತಾದ ಎಣಿಕೆ, ಬಹಳ ದೊಡ್ಡದು. ಇಪ್ಪತ್ಮೂರು ಗ್ರಾಂ ಸೋಡಿಯಂನಲ್ಲೂ ಮೂವತ್ತೈದೂವರೆ ಗ್ರಾಂ ಕ್ಲೋರಿನ್‌ನಲ್ಲೂ ಪರಮಾಣುಗಳ ಸಂಖ್ಯೆ ಒಂದೇ. ಎಣಿಸಲಾಗದ್ದನ್ನು ತೂಗಿ ಎಣಿಸುವುದು. ಮೂರು ವರ್ಷ ಆ ಗೋಡೆಯ ಬರಹದ ಎದುರು ನಿಂತು ಸೀಲು ಇಸಿದುಕೊಂಡಿದ್ದೆ.

ಎರಡನೇ ಪರೀಕ್ಷೆಗೆ ಅಷ್ಟು ದಿನ ಉಳಿದಿರಲಿಲ್ಲ. ಬುಡ ಗಟ್ಟಿಯಾದ ಮೇಲೆ ಪಿಯುಸಿ ಪುಸ್ತಕ ಮತ್ತೆ ತೆಗೆದೆ. ದ್ರಾವಣಗಳ ಪಾಠದಲ್ಲಿ ಒಂದು ಲೆಕ್ಕವನ್ನೂ ಬಾಯಿಪಾಠ ಮಾಡಲಿಲ್ಲ. ಬರದಿದ್ದುದನ್ನು ಗುರುತು ಹಾಕಿಕೊಂಡು ಊಟದ ಹೊತ್ತಿಗೆ ಕೇಳುತ್ತಿದ್ದೆ. ಕೆಲವು ಸಲ ಆಕೆಗೂ ತಟ್ಟನೆ ಬರುತ್ತಿರಲಿಲ್ಲ, ನಾಳೆ ನೋಡಿ ಹೇಳುವೆನೆಂದು ನೇರವಾಗಿ ಹೇಳುತ್ತಿದ್ದಳು. ಕಾರ್ಬನ್ನಿನ ಸಂಯುಕ್ತಗಳ ಪಾಠ ಕೊನೆಗೂ ಪೂರ್ತಿ ಆಗಲಿಲ್ಲ. ಅದನ್ನು ಬಿಟ್ಟೇ ಪರೀಕ್ಷೆಗೆ ಹೋದೆ. ಶಹಾಪುರದ ಕೇಂದ್ರದಲ್ಲಿ ನನ್ನ ಹಿಂದಿನ ಬೆಂಚಿನ ಹುಡುಗಿ ನಾನು ಮೇಲ್ವಿಚಾರಕಿ ಎಂದು ತಿಳಿದು ಎದ್ದು ನಿಂತಳು. ಕೂಡಲು ಹೇಳಿ, ನಾನೂ ಕೂತೆ.

ಪಾಸಾದೆ. ಬಹಳ ಅಂಕವೇನಲ್ಲ, ಪಾಸಿಗೆ ಬೇಕಾದುದಕ್ಕಿಂತ ಹನ್ನೊಂದು ಹೆಚ್ಚು. ಗಂಡ ಅಂಗಡಿಯಿಂದ ಬರುತ್ತ ಪೇಡೆ ತಂದ. ಅತ್ತೆ ಒಂದು ಪೇಡೆ ತಿಂದು, ಇನ್ನು ಮುಂದೆ ರವಿವಾರವಾದರೂ ಜೋಳ ಪೂರ್ತಿ ಹಸನು ಮಾಡು ಎಂದಳು.

ಲ್ಯಾಬ್ ಸಹಾಯಕಿಯ ಕೆಲಸ ಕೂಡಲೇ ಸಿಗಲಿಲ್ಲ. ಐದು ತಿಂಗಳು ಗಾಜು ತೊಳೆಯುತ್ತಲೇ ಇದ್ದೆ. ಸಂದರ್ಶನದಲ್ಲಿ ಮೂವರು ಇದ್ದೆವು. ಇನ್ನಿಬ್ಬರೂ ನನಗಿಂತ ಹತ್ತು ಹದಿನೈದು ವರ್ಷ ಸಣ್ಣವರು. ಮೇಲಿನವರೊಬ್ಬರು ಅಣುರಾಶಿ ಎಂದರೇನೆಂದು ಕೇಳಿದರು. ಕನ್ನಡದಲ್ಲಿ ಹೇಳಲೇ ಎಂದೆ. ಹೇಳಿ ಎಂದರು. ಅಣುವಿನಲ್ಲಿರುವ ಎಲ್ಲ ಪರಮಾಣುಗಳ ರಾಶಿಯನ್ನು ಕೂಡಿಸಿದರೆ ಬರುವುದು ಎಂದು ಹೇಳಿ, ಕಾಸ್ಟಿಕ್ ಸೋಡಾದ್ದನ್ನು ಬಿಡಿಸಿ ತೋರಿಸಿದೆ. ಈ ಸಲ ಇಪ್ಪತ್ಮೂರು, ಹದಿನಾರು, ಒಂದು. ಕೆಲಸ ನನಗೆ ಸಿಕ್ಕಿತು.

ಸಿಕ್ಕ ಎರಡನೇ ತಿಂಗಳಲ್ಲೇ ತಪ್ಪು ಮಾಡಿದೆ.

ಲ್ಯಾಬಿನಲ್ಲಿ ಕಾಸ್ಟಿಕ್ ಸೋಡಾ ದ್ರಾವಣದ ಬಲ ಸರಿಯಾಗಿದೆಯೇ ಎಂದು ಆಕ್ಸಾಲಿಕ್ ಆಮ್ಲದ ದ್ರಾವಣದಿಂದ ಪರೀಕ್ಷಿಸುತ್ತಾರೆ. ಆ ಆಮ್ಲದ ದ್ರಾವಣ ತಯಾರಿಸುವುದು ನನ್ನ ಕೆಲಸ. ಒಂದು ಲೀಟರಿಗೆ ನಾಲ್ಕೂವರೆ ಗ್ರಾಂ ಎಂದು ಹಾಳೆಯಲ್ಲಿ ಅಚ್ಚಾಗಿತ್ತು. ಹಾಗೆಯೇ ತೂಗಿ, ಕರಗಿಸಿ, ಚೀಟಿ ಹಚ್ಚಿ ಇಟ್ಟೆ. ಆ ವಾರವಷ್ಟೇ ಸೇರಿದ್ದ ಒಬ್ಬ ಬಿ.ಎಸ್‌ಸಿ ಹುಡುಗ ಅದನ್ನು ತೆಗೆದುಕೊಂಡು ಪರೀಕ್ಷೆ ಮಾಡಿದ. ಉತ್ತರ ಎಲ್ಲಿಂದೆಲ್ಲಿಗೋ ಹೋಯಿತು. ಇನ್‌ಚಾರ್ಜ್ ಮತ್ತೆ ಮಾಡಲು ಹೇಳಿದಳು. ಮತ್ತೆ ಮಾಡಿದ, ಅದೇ ಬಂತು. ಮೂರನೇ ಸಲವೂ ಅದೇ. ಬ್ಯುರೆಟ್ ಓದಲು ಬರುವುದಿಲ್ಲವೇ ಎಂದು ಎಲ್ಲರೆದುರು ಅವನನ್ನು ಕೇಳಿದಳು. ಅವನ ಕಿವಿ ಕೆಂಪಾದವು.

ಮೂರು ಸಲವೂ ಒಂದೇ ಉತ್ತರ ಬಂದಿದೆ ಎಂಬುದು ನನ್ನನ್ನು ಚುಚ್ಚಿತು. ಕೈ ತಪ್ಪಿದರೆ ಪ್ರತಿ ಸಲ ಬೇರೆ ಬೇರೆಯಾಗಿ ತಪ್ಪುತ್ತದೆ. ಸದ್ದಿಲ್ಲದೆ ರಾಸಾಯನಿಕಗಳ ಕಪಾಟಿಗೆ ಹೋಗಿ ಬಾಟಲಿ ಇಳಿಸಿ ನೋಡಿದೆ. ಹಳೆಯ ಬಾಟಲಿ ಮುಗಿದು ಹೊಸದು ಬಂದಿತ್ತು. ಅದೇ ಹೆಸರು, ಅದೇ ಬಣ್ಣದ ಮುಚ್ಚಳ. ಹೆಸರಿನ ಕೊನೆಗೆ ಸಣ್ಣ ಅಕ್ಷರದಲ್ಲಿ ಎರಡು ನೀರಿನ ಅಣು ಸೇರಿದೆ ಎಂದಿತ್ತು. ಹಳೆಯದರಲ್ಲಿ ನೀರು ಇರಲಿಲ್ಲ, ಅದರ ಅಣುರಾಶಿ ತೊಂಬತ್ತು. ನೀರಿನ ಒಂದು ಅಣುವಿಗೆ ಹದಿನೆಂಟು, ಎರಡಕ್ಕೆ ಮೂವತ್ತಾರು. ಒಟ್ಟು ನೂರಾ ಇಪ್ಪತ್ತಾರು. ನಾನು ತೂಗಿದ್ದರಲ್ಲಿ ಒಂದು ಪಾಲು ಬರೀ ನೀರು.

ದ್ರಾವಣವನ್ನು ಚೆಲ್ಲಿ ಹೊಸದಾಗಿ ಸರಿಯಾಗಿ ಮಾಡಿಟ್ಟರೆ ನಾಲ್ಕನೇ ಸಲ ಉತ್ತರ ಸರಿ ಬರುತ್ತಿತ್ತು. ಹುಡುಗನ ಕೈಯೇ ತಪ್ಪಿತ್ತೆಂದು ಎಲ್ಲರೂ ತಿಳಿಯುತ್ತಿದ್ದರು, ಅವನೂ ತಿಳಿಯುತ್ತಿದ್ದ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಇದೆಲ್ಲ ಮನಸ್ಸಿನಲ್ಲಿ ಬಂತು, ಬರಲಿಲ್ಲವೆಂದು ಹೇಳಲಾರೆ. ಬಾಟಲಿ ಹಿಡಿದುಕೊಂಡೇ ಹೋದೆ.

‘ತಪ್ಪು ಇವರದಲ್ರಿ ಮೇಡಂ, ನಂದು. ಬಾಟ್ಲಿ ಬ್ಯಾರೆ ಬಂದದ, ನೀರು ಕೂಡಿದ್ದು. ನೂರಾ ಇಪ್ಪತ್ತಾರು ಹಿಡೀಬೇಕಿತ್ತು, ನಾ ತೊಂಬತ್ತರ ಲೆಕ್ಕದಾಗ ತೂಗೀನಿ.’

ಆಕೆ ಬಾಟಲಿ ತೆಗೆದುಕೊಂಡು ಓದಿದಳು. ಹುಡುಗ ನನ್ನನ್ನು ನೋಡಿದ.

‘ಎಷ್ಟು ತೂಗಬೇಕಿತ್ತು?’ ಆಕೆ ಕೇಳಿದಳು.

‘ಆರು ಪಾಯಿಂಟ್ ಮೂರು ಗ್ರಾಂ.’

ಆಕೆ ಚೀಟಿಯ ಮೇಲೆ ಲೆಕ್ಕ ಹಾಕಿ, ಮೂರು ಸಲ ಬಂದ ಉತ್ತರಕ್ಕೆ ಹೋಲಿಸಿ ನೋಡಿದಳು. ತಾಳೆಯಾಯಿತು. ಮೊದಲು ಹುಡುಗನ ಕಡೆ ತಿರುಗಿ, ತಾನು ಹಾಗೆ ಕೇಳಬಾರದಿತ್ತು ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

‘ರಜಿಸ್ಟರಿನ್ಯಾಗ ಏನು ತಪ್ಪಾತು ಅಂತ ಬರದು ಸಹಿ ಮಾಡ್ರಿ. ಆಮ್ಯಾಲ ಹೊಸದು ಮಾಡ್ರಿ.’

ಬರೆದೆ. ಲ್ಯಾಬಿನ ರಜಿಸ್ಟರಿನಲ್ಲಿ ನನ್ನ ಹೆಸರಿನ ಎದುರು ಬಿದ್ದ ಮೊದಲ ತಪ್ಪು ಅದು. ಅಕ್ಷರ ದೊಡ್ಡದಾಗಿ, ಓದಲು ಬರುವಂತೆ ಬರೆದೆ. ಆರು ಪಾಯಿಂಟ್ ಮೂರು ಗ್ರಾಂ ತೂಗುವಾಗ ಗಾಜಿನ ಗೂಡಿನ ಬಾಗಿಲು ಮುಚ್ಚಿ, ಅಂಕಿ ನಿಲ್ಲುವವರೆಗೆ ಉಸಿರು ಹಿಡಿದೆ. ಹುಡುಗ ಅದನ್ನು ತೆಗೆದುಕೊಂಡು ನಾಲ್ಕನೇ ಸಲ ಪರೀಕ್ಷೆ ಮಾಡಿದ. ಉತ್ತರ ಎಲ್ಲಿ ಬರಬೇಕೋ ಅಲ್ಲಿಗೇ ಬಂತು.

ಕೆಲಸದ ಹಾಳೆಯನ್ನು ಆ ತಿಂಗಳು ತಿದ್ದಿದರು. ಯಾವ ಸಾಲು ಸೇರಿಸಬೇಕೆಂದು ಇನ್‌ಚಾರ್ಜ್ ನನ್ನನ್ನೇ ಬರೆಯಲು ಹೇಳಿದಳು. ತೂಗುವ ಮೊದಲು ಬಾಟಲಿಯ ಚೀಟಿ ಪೂರ್ತಿ ಓದಬೇಕು, ಅಣುರಾಶಿಯನ್ನು ಹಾಳೆಯಿಂದ ಎತ್ತಿಕೊಳ್ಳದೆ ತಾವೇ ಕೂಡಿಸಿ ಬರೆಯಬೇಕು ಎಂದು ಬರೆದುಕೊಟ್ಟೆ. ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ. ಆ ಸಾಲಿನಿಂದ ನನಗೂ ವಿನಾಯಿತಿ ಇಲ್ಲ. ಕಾಸ್ಟಿಕ್ ಸೋಡಾದ್ದು ನಲವತ್ತೆಂದು ಈಗ ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತೇನೆ. ಆದರೂ ಪ್ರತಿ ಬೆಳಿಗ್ಗೆ ತಕ್ಕಡಿಯ ಎದುರು ಕೂತು ಮೂರು ಅಂಕಿ ಬರೆದು ಕೂಡಿಸಿ, ಆಮೇಲೆಯೇ ಬಾಟಲಿಯ ಮುಚ್ಚಳ ತೆಗೆಯುತ್ತೇನೆ.